ಹತ್ತರಿಂದ ಎರಡರವರೆಗೆ

ಆ ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಲ ಬಾಗಿಲು ತೆಗೆದಾಗ ಪಕ್ಕದ ತೋಟದ ಸ್ಪ್ರಿಂಕ್ಲರ್ ಸದ್ದು ಇರಲಿಲ್ಲ. ಫೆಬ್ರವರಿ ಮುಗಿಯುತ್ತಿದ್ದ ಹೊತ್ತು. ರೊಬಸ್ಟಾ ಗಿಡಗಳಿಗೆ ಹೂ ಬರಿಸಲು ಬಣಕಲ್ಲಿನ ಸುತ್ತ ಎಲ್ಲರೂ ಹಗಲೂ ರಾತ್ರಿ ನೀರು ಹೊಡೆಯುವ ಕಾಲ ಅದು. ವಾರದಿಂದ ಟಕ ಟಕ ಕೇಳಿ ಕೇಳಿ ಅಭ್ಯಾಸವಾಗಿದ್ದ ಕಿವಿಗೆ ಆ ಮೌನವೇ ಒಂದು ಸದ್ದಿನ ಹಾಗೆ ಕೇಳಿಸಿತು. ದಿನಾ ಆ ನೀರಿನ ತುಂತುರಿಗೆ ಅರ್ಧ ಒದ್ದೆಯಾಗಿರುತ್ತಿದ್ದ ನಮ್ಮ ಬಟ್ಟೆ ಒಗೆಯುವ ಕಲ್ಲು ಪೂರ್ತಿ ಒಣಗಿತ್ತು. ಪಂಪು ಕೆಟ್ಟಿರಬೇಕು ಅಂದುಕೊಂಡು ಹಾಲು ಕಾಯಿಸಲು ಇಟ್ಟೆ.

ಆಮೇಲಿನದೆಲ್ಲ ದಿನದ ಪಾಠ. ಅತ್ತೆಗೆ ಪೂಜೆ ಮುಗಿಯುವ ತನಕ ಏನೂ ಬೇಡ, ಮುಗಿದ ಕೂಡಲೇ ಬೆಲ್ಲದ ಕಾಫಿ ಬೇಕು. ಅವರು ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಬರುವುದಕ್ಕೂ ಡಿಕಾಕ್ಷನ್ನಿನ ಕೊನೇ ತೊಟ್ಟು ಇಳಿಯುವುದಕ್ಕೂ ಸರಿಹೋದರೆ ಆ ದಿನ ಒಳ್ಳೆಯದು ಅಂತ ನನ್ನದೇ ಒಂದು ಲೆಕ್ಕ. ಆ ದಿನ ಸರಿಹೋಯಿತು. ನಮ್ಮ ಮನೆಯವರಿಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಏಳನೇ ಕ್ಲಾಸಿನ ಮಗಳಿಗೆ ಅದೇ ರೊಟ್ಟಿ, ಆದರೆ ಡಬ್ಬಿಯಲ್ಲಿ ಮಡಚಿ ಇಡಬಾರದು, ಸುರುಳಿ ಸುತ್ತಬೇಕು. ಅವಳ ಒಂದು ಸಾಕ್ಸ್ ಸಿಗಲಿಲ್ಲ. ಇಡೀ ಮನೆ ಹುಡುಕಿದ ಮೇಲೆ ನನ್ನ ರೇಷ್ಮೆ ದಾರದ ಡಬ್ಬಿಯಲ್ಲಿ ಸಿಕ್ಕಿತು, ಹಸಿರು ಉಂಡೆಗಳ ನಡುವೆ ತಾನೂ ಒಂದು ಉಂಡೆಯಾಗಿ.

"ಅಮ್ಮಾ, ನಿನ್ನ ಆಫೀಸಲ್ಲಿ ನನ್ನ ಸಾಕ್ಸ್ ಏನ್ ಮಾಡ್ತಿದೆ?" ಅಂದಳು.

ಎಂಟೂ ಹತ್ತಕ್ಕೆ ವ್ಯಾನ್ ಬಂತು. ಎಂಟೂವರೆಗೆ ಇವರು ಅಂಗಡಿಗೆ ಹೊರಟರು. ಬಣಕಲ್ ಪೇಟೆಯಲ್ಲಿ ನಮ್ಮದು ಎಸ್ಟೇಟಿಗೆ ಬೇಕಾದ ಸಾಮಾನಿನ ಅಂಗಡಿ: ಪೈಪು, ಟಾರ್ಪಾಲು, ಗೋಣಿಚೀಲ, ಕತ್ತಿ. ಹೊರಡುವ ಮುಂಚೆ ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಅಲ್ಲಿ ಅಂಟಿಸಿದ್ದ ಚೀಟಿಯನ್ನು ನೋಡಿದರು. ಅದರ ಒಂದು ತುದಿ ಇಬ್ಬನಿಗೆ ಬಿಟ್ಟುಕೊಂಡಿತ್ತು. ಹೆಬ್ಬೆರಳಿನಲ್ಲಿ ಒತ್ತಿ ಅಂಟಿಸಿ ಹೋದರು.

ಆ ಚೀಟಿಯ ವಿಷಯ ಹೇಳಬೇಕು. ಮಗಳ ಡ್ರಾಯಿಂಗ್ ಪುಸ್ತಕದಿಂದ ಹರಿದ ಹಾಳೆ, ಅವಳದೇ ಸ್ಕೆಚ್ ಪೆನ್ನಿನ ಅಕ್ಷರ: "ಸೀರೆ ಕುಚ್ಚು ಕಟ್ಟಿಕೊಡಲಾಗುವುದು. ಕೆಲಸದ ಸಮಯ ಹತ್ತರಿಂದ ಎರಡು. ಈ ಸಮಯದಲ್ಲಿ ದಯವಿಟ್ಟು ತೊಂದರೆ ಕೊಡಬೇಡಿ." 'ದಯವಿಟ್ಟು' ಅನ್ನುವುದು ನಾನು ಸೇರಿಸಿದ್ದು. ಅವಳಿಗೆ ಅದು ಬೇಡವಾಗಿತ್ತು.

ಮೂರು ವರ್ಷದಿಂದ ನಾನು ಸೀರೆ ಸೆರಗಿಗೆ ಕ್ರೋಶಾ ಕುಚ್ಚು ಹಾಕುತ್ತಿದ್ದೆ. ನಾದಿನಿಯ ಸೀರೆಗೆ ಹಾಕಿದ್ದನ್ನು ನೋಡಿ ಅವಳ ಓರಗಿತ್ತಿ ಕೊಟ್ಟಳು, ಅವಳದ್ದನ್ನು ನೋಡಿ ಇನ್ಯಾರೋ. ಹೀಗೆ ಮೂಡಿಗೆರೆ, ಕಳಸದ ತನಕ ಹೋಯಿತು. ಆದರೆ ಊರಿನ ಕಣ್ಣಿಗೆ ನಾನು 'ಮನೇಲೇ ಇರೋಳು'. ಕೊರಿಯರ್‌ನವನಿಗೆ ಯಾರೂ ಸಿಗದಿದ್ದರೆ ನಮ್ಮ ಮನೆ. ಗ್ಯಾಸ್ ಸಿಲಿಂಡರ್ ಇಳಿಸಲು ನಮ್ಮ ಜಗಲಿ. ಬೀಗದ ಕೈ ಇಡಲು ನಮ್ಮ ಮೊಳೆ. ಒಂದು ಸಲ ಯಾರದೋ ಎರಡು ನಾಟಿ ಕೋಳಿ ಕಾಲು ಕಟ್ಟಿಸಿಕೊಂಡು ಮಧ್ಯಾಹ್ನದ ತನಕ ನಮ್ಮ ಜಗಲಿಯಲ್ಲಿ ಕೂತಿದ್ದವು. ನಾವು ಮಾಂಸ ಮುಟ್ಟದವರು. ಅತ್ತೆ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಅವಕ್ಕೆ ಅಕ್ಕಿ ಹಾಕಿದರು. ಎಲ್ಲರ ಬಾಯಲ್ಲೂ ಅದೇ ಮಾತು: "ನೀವು ಹೆಂಗೂ ಮನೇಲೇ ಇರ್ತೀರಲ್ಲ." ಅದನ್ನು ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅದಕ್ಕೇ ಅದಕ್ಕೆ ಉತ್ತರ ಇರಲಿಲ್ಲ. ಹುಕ್ಕಿನಿಂದ ಕೈ ತೆಗೆದು ಎದ್ದು ಹೋಗಿ ಬಂದರೆ, ಎಷ್ಟನೇ ಸರಪಳಿ ಕುಣಿಕೆಯಲ್ಲಿ ಇದ್ದೆ ಅನ್ನುವುದು ಮರೆತು ಮೊದಲಿನಿಂದ ಎಣಿಸಬೇಕು. ದಿನಕ್ಕೆ ಎಂಟು ಸಲ ಎದ್ದರೆ ಕುಚ್ಚು ರಾತ್ರಿಗೆ ಹೋಗುತ್ತಿತ್ತು, ರಾತ್ರಿಯಲ್ಲಿ ನೇರಳೆಯೂ ಕಪ್ಪೂ ಒಂದೇ.

ಹಾಗಾಗಿ ಚೀಟಿ. ಇವರಿಗೆ ಹೇಳಿದಾಗ, "ಅಕ್ಕಪಕ್ಕದವ್ರು ಬೇಜಾರು ಮಾಡ್ಕೊಳಲ್ವಾ?" ಅಂದರು. ಒಂದು ಕ್ಷಣ ಯೋಚಿಸಿ, "ಈ ಎಸ್ಟೇಟ್ ಮನೆಯವ್ರ ಮದುವೆ ಸೀರೆ ಮುಗಿಸಿ ಕೊಡೋ ತನಕ ಹಾಕಿ ನೋಡು. ಆಮೇಲೆ ನಿನಗೇ ಬೇಕು ಅನ್ನಿಸಿದ್ರೆ ಇರ್ಲಿ," ಅಂದರು. ಅದು ಬೇಡ ಅಂದಹಾಗೂ ಅಲ್ಲ, ಆಯ್ತು ಅಂದಹಾಗೂ ಅಲ್ಲ. ಆದರೆ ನಾನು ಮನಸ್ಸಿನಲ್ಲೇ ಒಂದು ಹರಕೆಯ ಥರ ಕಟ್ಟಿಕೊಂಡೆ: ಈ ಸೀರೆ ಹೇಳಿದ ಹೊತ್ತಿಗೆ, ಹೇಳಿದ ಹಾಗೆ ಹೋದರೆ ಚೀಟಿ ಗೇಟಿನಲ್ಲಿ ಉಳಿಯುತ್ತದೆ. ಎಡವಿದರೆ ನಾನೇ ತೆಗೆದು, ಎಲ್ಲರ ಬೀಗದ ಕೈ ಕಾಯುತ್ತೇನೆ.

ಚೀಟಿ ಅಂಟಿಸಿದ ದಿನವೇ ಪಕ್ಕದ ಮನೆ ಅಕ್ಕ ಅದನ್ನು ಓದಿದ್ದರು. ಆರು ಎಕರೆ ಕಾಫಿ, ನಾಲ್ಕು ಹಸು, ಒಂದು ಜೀಪು ಇವುಗಳನ್ನೆಲ್ಲ ಒಂದೇ ದನಿಯಲ್ಲಿ ಗದರಿಸಿ ನಡೆಸುವ ಹೆಂಗಸು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಕನ್ನಡಕ ಇಲ್ಲದೆ, ಚೀಟಿಗೆ ಮೂಗು ತಾಗಿಸಿ ಓದಿ, ಬೇಲಿಯಾಚೆಯಿಂದಲೇ ಕೂಗಿದರು:

"ಏನ್ ಮಾರಾಯ್ರೆ, ಬ್ಯಾಂಕ್ ಶುರು ಮಾಡಿದ್ರಾ? ಊಟದ ಬಿಡುವು ಎಷ್ಟೊತ್ತಿಗೆ ಅಂತ ಬರೀಲಿಲ್ವಲ್ಲ!"

ನಾನು ನಕ್ಕೆ. ನನ್ನ ಓದೆಲ್ಲ ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಆದದ್ದು. ಅಲ್ಲಿ ಕಲಿತ ಮೊದಲ ಪಾಠ ಅದು, ಉತ್ತರ ಗೊತ್ತಿಲ್ಲದಿದ್ದರೆ ಸಣ್ಣದಾಗಿ ನಗುವುದು.

ಇನ್ನು ಸೀರೆ. ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನ ಅಮ್ಮಾವ್ರು ಹತ್ತು ದಿನದ ಹಿಂದೆ ತಾವೇ ಕಾರಿನಲ್ಲಿ ಬಂದು ಕೊಟ್ಟು ಹೋಗಿದ್ದರು. ಮಗಳ ಮದುವೆ. ನೇರಳೆ ಮೈ, ಸಾಸಿವೆ ಹೂವಿನ ಬಣ್ಣದ ಅಂಚು, ಅವರ ಅತ್ತೆಯ ಮದುವೆಯ ರೇಷ್ಮೆ ಸೀರೆ. "ಚಪ್ಪರದ ದಿನ ಇದನ್ನೇ ಉಡ್ತಾಳಂತೆ ನಮ್ಮ ಹುಡುಗಿ, ಅಜ್ಜಿ ಥರಾನೇ," ಅಂದಿದ್ದರು. ನಾನು ತಲೆಯಾಡಿಸಿದ್ದೆ. ಅಜ್ಜಿಯ ಸೀರೆ ಉಟ್ಟರೆ ಅಜ್ಜಿ ಥರ ಕಾಣುತ್ತಾಳೆ, ಸರಿ ತಾನೇ, ಅಂತ. ದೊಡ್ಡವರ ಮಾತನ್ನು ಎರಡನೇ ಸಲ ಕೇಳುವುದು ನನಗೆ ಅಭ್ಯಾಸವಿಲ್ಲ.

ಆ ಸೀರೆಯನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದಾಗ ಸೆರಗಿನ ಒಂದು ಮೂಲೆ ನನ್ನ ಕಣ್ಣಿಗೆ ಬಿತ್ತು. ಉಳಿದೆಲ್ಲ ಕಡೆ ರೇಷ್ಮೆ ಹೊಸದರಂತೆ ನಯ. ಆ ಒಂದು ಮೂಲೆ ಮಾತ್ರ, ಒಂದು ಗೇಣಿನಷ್ಟು, ಹಿಂಡಿಟ್ಟ ಬಟ್ಟೆಯ ಹಾಗೆ ಸುಕ್ಕು ಸುಕ್ಕು, ಎಳೆಗಳು ತೆಳುವಾಗಿದ್ದವು. ಅಯ್ಯೋ, ಪೆಟ್ಟಿಗೆಯಲ್ಲಿ ಸರಿಯಾಗಿ ಮಡಚಿಟ್ಟಿಲ್ಲ ಅಂದುಕೊಂಡೆ. ನಮ್ಮ ಹೊಲಿಗೆಯ ಸಿಸ್ಟರ್ ಕಲಿಸಿದ್ದು ನೆನಪಾಯಿತು. ಬಿಳಿ ಗೌನಿನ ತೋಳು ಮಡಚಿಕೊಂಡು, ನಮ್ಮ ಕರ್ಚೀಫುಗಳನ್ನು ತಿರುಗಿಸಿ ಮೊದಲು ಹಿಂಬದಿ ನೋಡುತ್ತಿದ್ದವರು. "ಬಟ್ಟೆ ಮೊದಲು ಸಾಯುವುದು ಮೂಲೆಯಿಂದ, ಮಕ್ಕಳೇ. ಮೂಲೆಯನ್ನು ಗಟ್ಟಿ ಮಾಡಿ," ಅನ್ನುತ್ತಿದ್ದರು. ಹಾಗಾಗಿ ಆ ಮೂಲೆಗೆ ತೆಳು ಒದ್ದೆ ಬಟ್ಟೆ ಹಾಕಿ, ಉಸಿರು ಹಿಡಿದು ಇಸ್ತ್ರಿ ಮಾಡಿದೆ. ಸುಕ್ಕು ಹೋಯಿತು. ಆಮೇಲೆ ಆ ತೆಳುವಾದ ಜಾಗ ಮುಚ್ಚಿಹೋಗುವಂತೆ ಬೇರೆ ಕಡೆ ಒಂದು ಸಾಲು ಮಣಿಯಾದರೆ ಅಲ್ಲಿ ಎರಡು ಸಾಲು ಮಣಿ ಹಾಕಿದೆ. ಚಿನ್ನದ ಬಣ್ಣದ ಸಣ್ಣ ಮಣಿ, ಒತ್ತೊತ್ತಾಗಿ. ಮುಗಿಸಿದ ಮೇಲೆ ನನಗೇ ಎಷ್ಟು ಖುಷಿಯಾಗಿತ್ತೆಂದರೆ, ಅತ್ತೆಯನ್ನು ಕರೆದು ತೋರಿಸಿದ್ದೆ.

ಆ ದಿನ ಸಂಜೆ ನಾಲ್ಕಕ್ಕೆ ಅವರು ಬರುವವರಿದ್ದರು. ಮರುದಿನವೇ ಚಪ್ಪರ. ನನಗೆ ಉಳಿದಿದ್ದು ಹನ್ನೆರಡು ಕುಚ್ಚು ಮಾತ್ರ, ಎರಡು ಗಂಟೆ ಹೊತ್ತಿನ ಕೆಲಸ. ಹತ್ತಕ್ಕೆ ಸರಿಯಾಗಿ ಕೈ ತೊಳೆದು, ಒರೆಸಿ, ಕಿಟಕಿ ಪಕ್ಕ ಕೂತೆ. ಹನ್ನೊಂದೂವರೆ ತನಕ ಯಾರೂ ಬರಲಿಲ್ಲ. ಅಷ್ಟು ಉದ್ದದ ಒಂದೂವರೆ ಗಂಟೆ ಮದುವೆಯಾದ ಮೇಲೆ ನನಗೆ ಸಿಕ್ಕಿರಲೇ ಇಲ್ಲ ಅನ್ನಿಸಿತು. ಕಿಟಕಿಯಾಚೆ ಸಿಲ್ವರ್ ಓಕಿನ ಎಲೆ ಬೀಳುವುದು ಕೂಡ ಕೇಳುತ್ತಿತ್ತು.

ಆಗ ಗೇಟು ಕಿರುಗುಟ್ಟಿತು.

"ತೊಂದ್ರೆ ಕೊಡಲ್ಲ ಮಾರಾಯ್ರೆ, ತೊಂದ್ರೆ ಕೊಡಲ್ಲ! ಓದಿದೀನಿ ನಿಮ್ಮ ಬೋರ್ಡು!" ಪಕ್ಕದ ಮನೆ ಅಕ್ಕ ಮೆಟ್ಟಿಲು ಹತ್ತುತ್ತಾ ಹೇಳಿದರು. "ಪಂಪ್ ಸುಟ್ಟೋಗಿದೆ. ಮೆಕ್ಯಾನಿಕ್ ಬರ್ತಾನೆ. ಪಂಪ್ ಮನೆ ಕೀ ಒಂದು ಕೊಟ್ಟುಬಿಡಿ ಅವ್ನಿಗೆ. ನಂಗೆ ಸಂಘದ ಮೀಟಿಂಗಿಗೆ ಹೊತ್ತಾಯ್ತು. ನೀವು ಹೆಂಗೂ ಮನೇಲೇ..."

ಮಾತು ಅಲ್ಲಿಗೆ ನಿಂತಿತು. ನಾನು ತಲೆಯೆತ್ತಿ ನೋಡಿದೆ. ಅವರು ಕೀ ಹಿಡಿದ ಕೈ ಚಾಚಿಕೊಂಡೇ ಮೇಜಿನ ಮೇಲಿನ ಸೀರೆ ನೋಡುತ್ತಿದ್ದರು.

"ಯಾರದ್ದಿದು?"

"ಗೋಣಿಬೀಡು ಕಡೆ ಎಸ್ಟೇಟ್‌ನವರದ್ದು ಅಕ್ಕ. ಹುಡುಗಿ ಚಪ್ಪರಕ್ಕೆ ಉಡ್ತಾಳಂತೆ. ಅಜ್ಜಿ ಸೀರೆ."

"ಸುಮ್ನೆ ಉಡ್ತಾಳಂತೋ, ಅಜ್ಜಿ ಥರ ಉಡ್ತಾಳಂತೋ?"

"ಅಜ್ಜಿ ಥರ ಅಂದ್ರು."

"ಹಾಗಾದ್ರೆ ಗೊಬ್ಬೆ," ಅಂದರು ಅವರು. ಹತ್ತಿರ ಬಂದು, ನನ್ನ ಎರಡು ಸಾಲು ಮಣಿಯ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿದರು. "ಮತ್ತೆ ಈ ಮೂಲೆಗೆ ಯಾಕ್ ಮಾರಾಯ್ರೆ ಇಷ್ಟು ಮಣಿ? ಗಂಟು ಹ್ಯಾಗೆ ಕೂರ್ತದೆ?"

ಗೊಬ್ಬೆ ಅನ್ನುವ ಮಾತನ್ನು ನಾನು ಕೇಳಿರಲಿಲ್ಲ ಅಂತಲ್ಲ. ಇಲ್ಲಿಯ ಗೌಡರ ಮನೆಗಳಲ್ಲಿ ಹಿಂದಿನವರು ಉಡುತ್ತಿದ್ದ ಸೀರೆ. ಸೆರಗಿನ ಮೂಲೆಯನ್ನು ಬೆನ್ನ ಕಡೆಯಿಂದ ತಂದು ಭುಜದ ಮೇಲೆ ಗಂಟು ಹಾಕುತ್ತಾರೆ. ಫೋಟೋಗಳಲ್ಲಿ ನೋಡಿದ್ದೆ. ಈಗೀಗ ಮದುವೆಗಳಲ್ಲಿ ಹುಡುಗಿಯರು ಮತ್ತೆ ಆಸೆಪಟ್ಟು ಉಡುತ್ತಾರೆ ಅಂತಲೂ ಗೊತ್ತಿತ್ತು. ಆದರೆ ನಾನು ಪೇಟೆಯ ಅಂಗಡಿಯವರ ಮನೆಯ ಹುಡುಗಿ, ನಮ್ಮ ಪೈಕಿ ಯಾರೂ ಹಾಗೆ ಉಟ್ಟವರಲ್ಲ. ಆ ಗಂಟಿಗೆ ಒಂದು ಮೂಲೆ ಬೇಕು, ಆ ಮೂಲೆ ವರ್ಷಗಟ್ಟಲೆ ಗಂಟಾಗಿ ಗಂಟಾಗಿ ಸುಕ್ಕುಬಿದ್ದಿರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಇಸ್ತ್ರಿ ಮಾಡಿ ಅಳಿಸಿದ್ದು ಕೊಳೆಯಲ್ಲ, ಒಬ್ಬ ಹೆಂಗಸು ಒಂದು ಕಾಲಕ್ಕೆ ಹಬ್ಬ ಮದುವೆಗಳಿಗೆಲ್ಲ ಹಾಕುತ್ತಿದ್ದ ಗಂಟಿನ ಗುರುತು. ಅದರ ಮೇಲೆ ಮಣಿಗಳ ಗೋಡೆ ಕಟ್ಟಿದ್ದೆ.

ಎಸ್ಟೇಟಿಗೆ ಫೋನ್ ಮಾಡಿದೆ. ಆ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವುದು ಅದಕ್ಕೆ ಮನಸ್ಸು ಬಂದಾಗ. ಮೂರು ಸಲ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಅಷ್ಟು ಹೊತ್ತಿಗೆ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು.

"ಬಿಚ್ಚಿದ್ರೆ ಹರೀತದಾ?" ಅಕ್ಕ ಕೇಳಿದರು.

"ಹರೀಬಹುದು. ಹಳೇ ರೇಷ್ಮೆ. ಆ ಜಾಗದಲ್ಲೇ ತೆಳು."

ಅವರು ಕೀಯನ್ನು ಮೊಳೆಗೆ ಹಾಕಲಿಲ್ಲ, ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡರು. "ನಿನ್ನ ಒಂದು ಹಳೇ ಕಾಟನ್ ಸೀರೆ ತಾ ಮಾರಾಯ್ತಿ. ಎಷ್ಟು ಜಾಗ ಬಿಡ್ಬೇಕು ಅಂತ ಮೊದ್ಲು ನೋಡಾಣ."

ಪಕ್ಕಪಕ್ಕದಲ್ಲಿದ್ದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನಗೆ 'ನೀನು' ಅಂದರು. ಆ ಗಾಬರಿಯಲ್ಲೂ ನಾನದನ್ನು ಗಮನಿಸಿದೆ.

ನಮ್ಮ ಹಾಲಿನ ನಡುವೆ ನನ್ನನ್ನು ಗೊಂಬೆಯ ಹಾಗೆ ನಿಲ್ಲಿಸಿ ಸುತ್ತಿದರು. ನೆರಿಗೆ ಬೆನ್ನಿಗೆ ಹೋಯಿತು, ಸೆರಗು ಬೆನ್ನ ಕೆಳಗಿಂದ ಬಂತು. "ಸೊಂಟ ನೆಟ್ಟಗೆ ಮಾಡು. ಕಾನ್ವೆಂಟಲ್ಲಿ ನಿಲ್ಲೋದು ಕಲಿಸ್ಲಿಲ್ವಾ?" ಅಂತ ಗದರಿಸಿದರು. ಭುಜದ ಮೇಲೆ ಮೂಲೆ ತಂದು, ಒಂದು ಜಗ್ಗು, ಒಂದು ತಿರುವು. ಗಂಟು ಬಿತ್ತು. ನೋಡಲು ಚಿಕ್ಕದು, ಆದರೆ ಇಡೀ ಸೀರೆಯ ಭಾರ ಅದರ ಮೇಲೆ. ಪೂಜೆಯ ಕೋಣೆಯಿಂದ ಹೊರಬಂದ ಅತ್ತೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಚೆನ್ನಾಗಿ ಕಾಣ್ತದೆ. ಆದ್ರೆ ಸಾರಿಗೆ ಯಾರು ಒಗ್ಗರಣೆ ಹಾಕೋದು?" ಅಂದರು. ನಮ್ಮ ಮುಖ ನೋಡಿ ಏನರ್ಥವಾಯಿತೋ, ಉತ್ತರಕ್ಕೆ ಕಾಯದೆ ತಾವೇ ಅಡುಗೆಮನೆಗೆ ಹೋದರು.

ಅಕ್ಕ ಗಂಟಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಬಿಚ್ಚಿ ಅಳೆದರು. ಅವರ ಕೈಯಲ್ಲಿ ಒಂದು ಗೇಣು. ನನ್ನ ಕೈಯಲ್ಲಿ ಒಂದು ಗೇಣು ನಾಲ್ಕು ಬೆರಳು. ಸುಕ್ಕಿದ್ದ ಜಾಗವೂ ಅಷ್ಟೇ ಇತ್ತು.

ಆಮೇಲೆ ಬಿಚ್ಚುವ ಕೆಲಸ. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಎಳೆದರೆ ಕೆಟ್ಟಿತು. ಒಂದೊಂದೇ ಕುಣಿಕೆಯನ್ನು ಚಿಕ್ಕ ಕತ್ತರಿಯ ತುದಿಯಲ್ಲಿ ಕತ್ತರಿಸಿ, ಹುಬ್ಬಿನ ಕೂದಲು ತೆಗೆಯುವ ಚಿಮಟದಲ್ಲಿ ಹಿಡಿದು, ರೇಷ್ಮೆಗೆ ನೋವಾಗದ ಹಾಗೆ ಹೊರಗೆ ತೆಗೆಯಬೇಕು. ಅಕ್ಕ ಅತ್ತೆಯ ಮೊರ ತಂದು ಸೆರಗಿನ ಕೆಳಗೆ ಹಿಡಿದರು. ಮಣಿ ಉದುರಿದರೆ ಅದರಲ್ಲೇ ಬೀಳುತ್ತಿತ್ತು. ಮೆಣಸು ಹಸನು ಮಾಡಿ ಪಳಗಿದ ಅವರ ಬೆರಳು ಮಣಿಯನ್ನೂ ದಾರದ ಚೂರನ್ನೂ ತಾನಾಗಿಯೇ ಬೇರೆ ಮಾಡುತ್ತಿತ್ತು. ಮೊದಲ ಹತ್ತು ನಿಮಿಷ ಮಾತಾಡಿದರು, ಸಂಘದವರ ಬಗ್ಗೆ, ಸುಟ್ಟ ಪಂಪಿನ ಬಗ್ಗೆ. ಆಮೇಲೆ, "ಇದಕ್ಕೆ ಎಷ್ಟು ಹೊತ್ತು ಹಿಡೀತು ನಿಂಗೆ, ಈ ಒಂದು ಗೇಣಿಗೆ?" ಅಂತ ಕೇಳಿದರು.

"ಎರಡು ದಿನ."

"ಎರಡು ದಿನ!" ಮೊರದಲ್ಲಿ ಹಿಡಿ ಕಡಲೆಬೇಳೆಯ ಹಾಗೆ ರಾಶಿಯಾಗಿದ್ದ ಮಣಿ ನೋಡಿದರು. "ನಾನೆಲ್ಲೋ ಟಿವಿ ನೋಡ್ತಾ ಮಾಡ್ತೀಯ ಅಂದ್ಕೊಂಡಿದ್ದೆ."

ಒಂದು ಕಡೆ, ಒಂದೇ ಒಂದು ಕಡೆ, ರೇಷ್ಮೆಯ ಎಳೆ ಕುಣಿಕೆಯ ಜೊತೆ ಎದ್ದು ಬಂತು. ನಾನು ಕತ್ತರಿ ಕೆಳಗಿಟ್ಟೆ. ಸೂಜಿಯ ಹಿಂಬದಿಯಿಂದ ಆ ಎಳೆಯನ್ನು ಒಳಗೆ ತಳ್ಳಿ, ಉಗುರಿನಲ್ಲಿ ಮೆಲ್ಲಗೆ ಸವರಿದೆ. ಕೂತುಕೊಂಡಿತು. "ಶಿವನೇ," ಅಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ. ಅವರು ಯಾವಾಗಿನಿಂದ ಅಲ್ಲಿ ನಿಂತಿದ್ದರೋ.

ಮಧ್ಯೆ ಮೆಕ್ಯಾನಿಕ್ ಬಂದ. ಅಕ್ಕ ಕಿಟಕಿಯಿಂದಲೇ ಕೀ ಎಸೆದರು. "ಮೀಟಿಂಗು?" ಅಂದೆ. "ಅಲ್ಲಿ ಹೋಗಿ ನಾನು ಮಾಡೋದೇನು, ಟೀ ಕುಡಿಯೋದು ತಾನೆ," ಅಂದರು.

ಒಂದೂವರೆಗೆ ಇವರು ಊಟಕ್ಕೆ ಬಂದರು. ಮೇಜಿನ ತುಂಬ ಸೀರೆ, ಮೊರ ಹಿಡಿದ ಪಕ್ಕದ ಮನೆಯವರು, ತಲೆಯೆತ್ತದ ನಾನು. ಅತ್ತೆ ನೆಲದ ಮೇಲೆ ತಟ್ಟೆ ಹಾಕಿದರು. ಇವರು ಫ್ಯಾನಿನ ಕೆಳಗೆ ಕೂರಲು ಹೋದವರು, ಗಾಳಿಗೆ ದಾರದ ಚೂರು ಹಾರುವುದನ್ನು ಕಂಡು, ಎದ್ದು ಹೋಗಿ ಸ್ವಿಚ್ ಆರಿಸಿದರು. ಆ ಸೆಕೆಯಲ್ಲಿ ಬೆವರುತ್ತಾ ಊಟ ಮಾಡಿದರು. ಕೈ ತೊಳೆದು ಹೊರಡುವಾಗ ಮೆಲ್ಲಗೆ, "ನಾಲ್ಕಕ್ಕಾಗುತ್ತಾ?" ಅಂದರು. ನಾನು "ಆಗುತ್ತೆ" ಅಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಕಾನ್ವೆಂಟಿನ ನಗು ಅದರಲ್ಲಿರಲಿಲ್ಲ.

ಎರಡು ಗಂಟೆಗೆ ಮೂಲೆ ಬರಿದಾಯಿತು. ಹರಿದಿರಲಿಲ್ಲ. ಆದರೆ ಈಗ ಇನ್ನೊಂದು ಪ್ರಶ್ನೆ. ಒಂದು ಗೇಣು ಬೋಳಾಗಿ ಬಿಟ್ಟರೆ, ಕುಚ್ಚು ಅರ್ಧಕ್ಕೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಗಟ್ಟಿ ಮಾಡದೆ ಬಿಟ್ಟರೆ ಆ ತೆಳು ಜಾಗ ಗಂಟಿನ ಎಳೆತಕ್ಕೆ ಹೋಗಿಬಿಡಬಹುದು. ಸಿಸ್ಟರ್ ಹೇಳಿದ್ದು ತಪ್ಪಲ್ಲ, ಮೂಲೆ ಗಟ್ಟಿಯಾಗಬೇಕು. ಆದರೆ ಮೆತ್ತಗೂ ಇರಬೇಕು. ಹತ್ತು ನಿಮಿಷ ಆ ಮೂಲೆಯನ್ನು ಬೆರಳಲ್ಲಿ ಸವರುತ್ತಾ ಯೋಚಿಸಿದೆ. ಅಕ್ಕ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಅವರು ಹತ್ತು ನಿಮಿಷ ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕೊನೆಗೆ ಮಣಿ ಬಿಟ್ಟೆ, ಕ್ರೋಶಾ ಬಿಟ್ಟೆ. ನೇರಳೆ ಬಣ್ಣದ ಒಂದೇ ಎಳೆ ರೇಷ್ಮೆ ದಾರ ತೆಗೆದುಕೊಂಡು, ನಾವು ಚಿಕ್ಕಂದಿನಲ್ಲಿ ಕರ್ಚೀಫಿನ ಅಂಚಿಗೆ ಹಾಕುತ್ತಿದ್ದ ಕಾಜಾ ಹೊಲಿಗೆಯನ್ನು ಆ ಒಂದು ಗೇಣು ಅಂಚಿಗೆ ಹಾಕುತ್ತಾ ಹೋದೆ. ಸಣ್ಣ ಸಣ್ಣದಾಗಿ, ಒಂದಕ್ಕೊಂದು ತಾಗಿ. ಬಟ್ಟೆಯ ಬಣ್ಣ, ದಾರದ ಬಣ್ಣ ಒಂದೇ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಅದು ಮುಗಿಯುವ ಜಾಗದಿಂದ ಕುಚ್ಚು ಶುರು. ಮೊದಲನೆಯದು ಅಕ್ಕಿ ಕಾಳಿನಷ್ಟು ಗಿಡ್ಡ, ಆಮೇಲಿನದು ಅದಕ್ಕಿಂತ ಸ್ವಲ್ಪ ಉದ್ದ, ಹೀಗೆ ಏಳನೆಯದಕ್ಕೆ ಪೂರ್ತಿ ಉದ್ದ. ಬೆಳಿಗ್ಗೆ ಉಳಿದಿದ್ದ ಕುಚ್ಚುಗಳೂ ಸೇರಿ ಎಲ್ಲ ಮುಗಿದಾಗ ಮೂರೂ ಐವತ್ತು. ಕೊನೆಯ ದಾರ ಕತ್ತರಿಸಿದ್ದು ಅಕ್ಕ. "ನಾನು ಕತ್ತರಿಸ್ಲಾ?" ಅಂತ ಕೇಳಿ, ಕಣ್ಣು ಕಿರಿದು ಮಾಡಿ, ಎರಡು ಕೈಯಲ್ಲೂ ಕತ್ತರಿ ಹಿಡಿದು ಕತ್ತರಿಸಿದರು.

ಕಾರು ಬಂದಾಗ ಮಗಳ ವ್ಯಾನೂ ಅದರ ಹಿಂದೆಯೇ ಬಂತು. ಅಮ್ಮಾವ್ರ ಜೊತೆ ಈ ಸಲ ಅವರ ಅತ್ತೆಯೂ ಇದ್ದರು. ಹುಡುಗಿಯ ಅಜ್ಜಿ, ಸೀರೆಯ ಒಡತಿ. ಅಮ್ಮಾವ್ರು ಗೇಟಿನ ಹತ್ತಿರ ನಿಂತು ಚೀಟಿ ಓದಿದರು. ಒಳಗೆ ಬಂದವರೇ, "ನಿಮ್ಮ ಟೈಮು ಹತ್ತರಿಂದ ಎರಡು ಅಂತ ನಂಗೆ ಗೊತ್ತಿರ್ಲಿಲ್ಲ. ನಾಲ್ಕಕ್ಕೆ ಬಂದುಬಿಟ್ವಿ. ಬೇಜಾರಿಲ್ಲ ತಾನೆ?" ಅಂದರು.

ಆ ಚೀಟಿಯನ್ನು ನಂಬಿದ ಮೊದಲನೇ ಮನುಷ್ಯರು ಅವರು. ಮಗಳು ನನ್ನ ಸೀರೆಯ ಹಿಂದೆ ನಿಂತು ನನ್ನ ಬೆನ್ನಿಗೆ ಬೆರಳಲ್ಲಿ ಚುಚ್ಚಿದಳು.

ಅಜ್ಜಿ ಕುಚ್ಚು ನೋಡಲಿಲ್ಲ. ಸೀರೆಯನ್ನು ಬಿಚ್ಚಿ ಹಿಡಿದಾಗ ಅವರ ಕೈ ನೇರವಾಗಿ ಆ ಮೂಲೆಗೆ ಹೋಯಿತು. ಕಣ್ಣು ಕಿಟಕಿಯಾಚೆ ಇತ್ತು. ಬೆರಳು ಅಂಚಿನ ಮೇಲೆ ಸರಿಯಿತು, ನನ್ನ ಹೊಲಿಗೆಯ ಮೇಲೆ, ನಿಂತಿತು, ಮತ್ತೆ ಸರಿಯಿತು. ಪಕ್ಕದ ಮನೆ ಅಕ್ಕ ಮೊರವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅಜ್ಜಿ ಉಟ್ಟಿದ್ದ ಸೀರೆಯ ಮೇಲೆಯೇ ಆ ಮೂಲೆಯನ್ನು ತಮ್ಮ ಭುಜಕ್ಕೆ ತಂದು, ನೋಡದೆಯೇ ಒಂದು ಗಂಟು ಹಾಕಿದರು. ಗಂಟಿನ ಕೆಳಗಿಂದ ಅಕ್ಕಿ ಕಾಳಿನ ಕುಚ್ಚು, ಆಮೇಲೆ ಸ್ವಲ್ಪ ಉದ್ದದ್ದು, ಆಮೇಲೆ ಇನ್ನೂ ಉದ್ದದ್ದು, ನೀರು ಇಳಿದ ಹಾಗೆ ಇಳಿದವು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ತುಂಬ ಚೆನ್ನಾಗಿತ್ತು.

"ಗಂಟು ಕೂತ್ಕೊಂತು," ಅಂದರು ಅಜ್ಜಿ.

ನನ್ನಿಂದ ತಡೆಯಲಾಗಲಿಲ್ಲ. "ಅಜ್ಜಿ, ನಾನು ಮೊದಲು ಆ ಮೂಲೆಗೆ ಮಣಿ ಹಾಕಿಬಿಟ್ಟಿದ್ದೆ. ಗೊಬ್ಬೆ ಅಂತ ಗೊತ್ತಾಗ್ಲಿಲ್ಲ. ಇಸ್ತ್ರಿ ಮಾಡಿ ಸುಕ್ಕೂ ತೆಗೆದೆ. ಆಮೇಲೆ ಈ ಅಕ್ಕ ನೋಡಿ ಹೇಳಿದ್ರು, ಇವತ್ತು ಬಿಚ್ಚಿ ಮತ್ತೆ ಮಾಡಿದ್ದು."

ಅಮ್ಮಾವ್ರ ಮುಖ ಒಂದು ಕ್ಷಣ ಬಿಗಿಯಾಯಿತು. ಅಜ್ಜಿ ಗಂಟು ಬಿಚ್ಚಿ ಮೂಲೆಯನ್ನು ಬೆಳಕಿಗೆ ಹಿಡಿದರು. ತಿರುಗಿಸಿ ಹಿಂಬದಿ ನೋಡಿದರು, ನಮ್ಮ ಸಿಸ್ಟರ್ ನೋಡುತ್ತಿದ್ದ ಹಾಗೇ. ನನಗೆ ಹನ್ನೆರಡು ವರ್ಷದ ಹುಡುಗಿಯಾಗಿ ಬೆಂಚಿನ ಪಕ್ಕ ನಿಂತ ಹಾಗಾಯಿತು.

"ಬಿಚ್ಚಿದ್ದು ಎಲ್ಲಿ ಅಂತ ಗೊತ್ತಾಗಲ್ವಲ್ಲೆ ಹುಡುಗಿ," ಅಂದರು. "ಸುಕ್ಕಿಗೇನು, ನಾಳೆ ಮೊಮ್ಮಗಳು ಕಟ್ಟಿದ್ರೆ ಮತ್ತೆ ಬರ್ತದೆ." ಆಮೇಲೆ ಸೊಸೆಯ ಕಡೆ ತಿರುಗಿ, "ಪೆಟ್ಟಿಗೇಲಿ ಇನ್ನು ಮೂರು ಅವೆಯಲ್ಲ, ನನ್ನ ತಂಗಿದೀರದ್ದು. ಮಣಿ ಚುಚ್ಚುತ್ತೆ ಅಂತ ಯಾರ ಕೈಗೂ ಕೊಡದೆ ಇಟ್ಟಿದ್ದು. ಅವನ್ನ ಇವ್ರಿಗೆ ಕೊಡು. ಆದ್ರೆ ಅವಸರ ಮಾಡ್ಬೇಡ ಅವ್ರಿಗೆ," ಅಂದರು.

ಅತ್ತೆ ಒಳಗಿಂದ ಎಲ್ಲರಿಗೂ ಬೆಲ್ಲದ ಕಾಫಿ ತಂದರು. ಅಜ್ಜಿ ಎರಡು ಲೋಟ ಕುಡಿದರು. ಮಗಳು ಮೊರದಲ್ಲಿದ್ದ ಮಣಿಗಳನ್ನು ಡಬ್ಬಿಗೆ ತುಂಬುವ ನೆಪದಲ್ಲಿ ಅಲ್ಲೇ ಕೂತು ಪ್ರತಿಯೊಂದು ಮಾತೂ ಕೇಳಿಸಿಕೊಂಡಳು. ಕಾರು ತಿರುವಿನಲ್ಲಿ ಮರೆಯಾಗುವ ತನಕ ನಾನು ಗೇಟಿನಲ್ಲಿ ನಿಂತಿದ್ದೆ. ಹಗಲೆಲ್ಲ ಬಾಗಿದ್ದ ಕತ್ತು ನೋಯುತ್ತಿತ್ತು, ಬೆರಳ ತುದಿಯಲ್ಲಿ ಸೂಜಿಯ ಗುರುತು. ಆದರೂ ಕೂಗಬೇಕು ಅನ್ನಿಸುತ್ತಿತ್ತು. ನನ್ನಂಥವಳು ಕೂಗುವುದಿಲ್ಲ, ಹಾಗಾಗಿ ಚೀಟಿಯ ಬಿಟ್ಟುಕೊಂಡ ಎರಡನೇ ತುದಿಯನ್ನೂ ಒತ್ತಿ ಅಂಟಿಸಿದೆ.

ಸಂಜೆ ಆರರ ಹೊತ್ತಿಗೆ ಪಂಪು ರಿಪೇರಿಯಾಗಿ ಸ್ಪ್ರಿಂಕ್ಲರ್ ಮತ್ತೆ ಟಕ ಟಕ ಶುರುವಾಯಿತು. ಇವರು ಅಂಗಡಿಯಿಂದ ಬಂದು, ಚಪ್ಪಲಿ ಬಿಡುವ ಮುಂಚೆ, "ಹೋಯ್ತಾ?" ಅಂತ ಕೇಳಿದರು. ಮಗಳು ನನಗಿಂತ ಮೊದಲೇ ಎಲ್ಲವನ್ನೂ, ನಡೆದದ್ದರ ಜೊತೆ ನಡೆಯದಿದ್ದನ್ನೂ ಸೇರಿಸಿ ಹೇಳಿದಳು. ಇವರು ಕೇಳಿ ಮುಗಿಸಿ, "ಹಾಳೆ ಮಳೆಗಾಲಕ್ಕೆ ನಿಲ್ಲಲ್ಲ. ಅಂಗಡೀಲಿ ತಗಡಿನ ತುಂಡಿದೆ, ಅದ್ರ ಮೇಲೆ ಬರೆಸಿದ್ರೆ?" ಅಂದರು.

ಒಣಗಿದ ಬಟ್ಟೆ ತೆಗೆಯಲು ನಾನು ಹಿತ್ತಲಿಗೆ ಹೋದೆ. ಕಲ್ಲು ಮತ್ತೆ ಅರ್ಧ ಒದ್ದೆಯಾಗಿತ್ತು. ಬೇಲಿಯಾಚೆ ಪಕ್ಕದ ಮನೆ ಅಕ್ಕ ಹಸುವಿಗೆ ಹುಲ್ಲು ಹಾಕುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೊರಿಯರ್‌ನವನ ಹತ್ತಿರ ಜೋರಾಗಿ ಮಾತಾಡುತ್ತಿದ್ದರು. ನಾನಿರುವುದನ್ನು ನೋಡಿರಲಿಲ್ಲ.

"ನಾಳೆ ಬೆಳಿಗ್ಗೇನಾ? ನಾನು ತೋಟದಲ್ಲಿರ್ತೀನಿ. ಪಕ್ಕದ ಮನೇಲಾ? ಬ್ಯಾಡ ಮಾರಾಯ, ಅವ್ರಿಗೆ ಕೆಲ್ಸ ಇರ್ತದೆ. ಎರಡು ಗಂಟೆ ಮೇಲೆ ಬಾ."